ಪಾಲ್ಪಾದಲ್ಲಿ ಒಡೆದ ಪೈಪು

ಮೊದಲ ದಿನ, ಶುಕ್ರವಾರ

2024ರ ಮೇ 10. ಬಸವ ಜಯಂತಿ. ಗದಗ-ಬೆಟಗೇರಿಯ ನಮ್ಮ ಓಣಿಯಲ್ಲಿ ಮೆರವಣಿಗೆಗೆ ತಳಿರು ಕಟ್ಟುತ್ತಿದ್ದರು. ನಾನು ಬೆನ್ನಿಗೆ ಬ್ಯಾಗು, ಕೈಯಲ್ಲಿ ರೊಟ್ಟಿ ಗಂಟು ಹಿಡಿದು ಹೊರಬಿದ್ದೆ. ಎದುರುಮನೆ ದೊಡ್ಡಪ್ಪ ಏಣಿಯ ಮೇಲೆ ನಿಂತಿದ್ದವರು ಅಲ್ಲಿಂದಲೇ ಕೇಳಿದರು.

"ಎಲ್ಲಿಗವಾ ಸವಾರಿ?"

"ನೇಪಾಳಕ್ಕ ರೀ ದೊಡ್ಡಪ್ಪ. ಚರ್ಚ್‌ನವರೆಲ್ಲ ಕೂಡಿ ಹೊಂಟೇವಿ."

"ಯಾಕ, ಅಲ್ಲಿ ಮಂದಿನ್ನ ಮತಾಂತರ ಮಾಡಾಕೇನು?"

ದೊಡ್ಡಪ್ಪ ನಗುತ್ತಲೇ ಕೇಳಿದ್ದು. ಆದರೂ ನನಗೆ ಮುಖ ಬಿಸಿಯಾಯಿತು. "ಇಲ್ರೀ, ನೀರಿನ ಪೈಪ್ ಹಾಕಾಕ" ಅಂದೆ. ಅವರು ಏಣಿಯಿಂದ ಒಂದು ಮೆಟ್ಟಿಲು ಇಳಿದರು. "ಪೈಪ್ ಹಾಕಾಕ ನೇಪಾಳಕ್ಕ ಯಾಕ ಹೋಗಬೇಕು? ನಮ್ಮ ಓಣ್ಯಾಗ ಹಾಕ್ರಲ್ಲ!" ಸುತ್ತ ಇದ್ದವರೆಲ್ಲ ಹೋ ಎಂದು ನಕ್ಕರು. ನಲ್ಲಿ ನೀರಿಗೆ ಕೊಡ ಸಾಲಾಗಿಟ್ಟು ಕಾಯುವ ಊರು ನಮ್ಮದು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನನಗಾಗ 23 ವರ್ಷ. ಹುಬ್ಬಳ್ಳಿಯಲ್ಲಿ ಒಬ್ಬ ಆಡಿಟರ್ ಆಫೀಸಿನಲ್ಲಿ ಕೆಲಸ, ವಿದ್ಯಾನಗರದಲ್ಲಿ ರೂಮು, ಶನಿವಾರ ರಾತ್ರಿ ಬೆಟಗೇರಿಗೆ ವಾಪಸ್. ನಾವು ಬಾಸೆಲ್ ಮಿಷನ್ ಕಾಲದಿಂದ ಕ್ರೈಸ್ತರು. ಮಿಷನರಿಗಳು ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ನಮ್ಮ ಬೆಟಗೇರಿಗೆ 1841ರಲ್ಲಿ ಬಂದರು. ಸಂಡೇ ಸ್ಕೂಲಿನಲ್ಲಿ ಈ ಇಸವಿಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದರು. ಅವರು ಹಡಗಿನಲ್ಲಿ ತಿಂಗಳುಗಟ್ಟಲೆ ಕೂತು ಬಂದವರು. ನಮ್ಮದು ಒಟ್ಟು ಎರಡು ವಾರದ ರಜಾ. ನಾನು ಆಫೀಸಿನಲ್ಲಿ ಕೊಟ್ಟ ಅರ್ಜಿಯಲ್ಲಿ "ಕುಟುಂಬದ ಕಾರ್ಯಕ್ರಮ" ಅಂತ ಬರೆದಿದ್ದೆ. ಅದು ಸುಳ್ಳೋ ನಿಜವೋ, ಈಗಲೂ ಗೊತ್ತಿಲ್ಲ.

ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಉಳಿದ ಎಂಟು ಜನ ಸಿಕ್ಕರು. ಐದು ಹುಡುಗರು, ನನ್ನನ್ನು ಬಿಟ್ಟು ಇಬ್ಬರು ಹುಡುಗಿಯರು, ಧಾರವಾಡದ ನಮ್ಮ ಅಯ್ಯನವರು, ಅಂದರೆ ಚರ್ಚಿನ ಪಾದ್ರಿ. ಆ ಸ್ಟೇಷನ್ನಿನ ಪ್ಲಾಟ್‌ಫಾರ್ಮು ಜಗತ್ತಿನಲ್ಲೇ ಉದ್ದದ್ದು, 1,507 ಮೀಟರ್ ಅಂತ ಹೆಮ್ಮೆಯಿಂದ ಹೇಳುತ್ತೇವಲ್ಲ? ನಮ್ಮ ಬೋಗಿ ಅದರ ಆ ತುದಿಗೆ ನಿಂತಿತ್ತು. ಒಂಬತ್ತು ಜನರ ಬ್ಯಾಗು, ಎರಡು ಚೀಲ ನಲ್ಲಿ-ವಾಲ್ವು ಸಾಮಾನು, ಒಂದು ಗಿಟಾರು ಹೊತ್ತು ನಡೆಯುವಾಗ ಹೆಮ್ಮೆ ಕಡಿಮೆಯಾಯಿತು.

ಗಾಡಿ ಹೊರಟ ಮೇಲೆ ಅಯ್ಯನವರು ನಮ್ಮನ್ನೆಲ್ಲ ಒಂದೇ ಬೇಯಲ್ಲಿ ಒತ್ತೊತ್ತಾಗಿ ಕೂರಿಸಿ ನಿಯಮ ಹೇಳಿದರು. ನೇಪಾಳದ ಸಂವಿಧಾನದಲ್ಲೇ ಮತಾಂತರಕ್ಕೆ ತಡೆ ಇದೆ. 2018ರಿಂದ ಜಾರಿಯಾದ ಅಪರಾಧ ಸಂಹಿತೆಯಲ್ಲಿ ಐದು ವರ್ಷದವರೆಗೆ ಜೈಲು, ಐವತ್ತು ಸಾವಿರ ದಂಡ. ವಿದೇಶಿಯರಾದರೆ ಶಿಕ್ಷೆ ಮುಗಿದ ಮೇಲೆ ಏಳು ದಿನದೊಳಗೆ ಗಡೀಪಾರು. "ಕರಪತ್ರ ಹಂಚೂ ಹಂಗಿಲ್ಲ. ರಸ್ತೆದಾಗ ಹಾಡು ಹೇಳೂ ಹಂಗಿಲ್ಲ. ಯಾರಾದ್ರೂ ಕೇಳಿದ್ರ, ನಾವು ಸಭೆಯವರ, ಅಂದ್ರ ಇಲ್ಲಿನ ಚರ್ಚ್‌ನವರ, ಅತಿಥಿಗಳು, ನೀರಿನ ಕೆಲಸಕ್ಕ ಬಂದೇವಿ ಅನ್ರಿ. ಅದು ಖರೇನೂ ಹೌದು."

ನಮ್ಮ ಪೈಕಿ ಒಬ್ಬ ತಮ್ಮ ಸದ್ದಿಲ್ಲದೆ ಬ್ಯಾಗಿನಿಂದ ಒಂದು ಕಟ್ಟು ಕರಪತ್ರ ತೆಗೆದು ಅಯ್ಯನವರ ಕೈಗೆ ಕೊಟ್ಟ. ಅವರು ಏನೂ ಅನ್ನಲಿಲ್ಲ. ಮರುದಿನ ನೋಡಿದರೆ ರೊಟ್ಟಿ ಕೆಳಗೆ ಹಾಸಿದ್ದರು.

ಎರಡನೇ ದಿನ, ಶನಿವಾರ

ಇಡೀ ದಿನ ಗಾಡಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮತ್ತೆ ಖಡಕ್ ರೊಟ್ಟಿ. ಮಧ್ಯಪ್ರದೇಶದ ಬಿಸಿಲು ಕಿಟಕಿ ಸರಳನ್ನು ಸುಡುವಷ್ಟಿತ್ತು.

ನಾನು ಮೇಲಿನ ಬರ್ತಿನಲ್ಲಿ ಮಲಗಿ ನನ್ನ ಸಾಕ್ಷಿ ಬರೆದೆ. ಚರ್ಚಿಗೆ ಬರುವವರಿಗೆ ಗೊತ್ತು, ಸಾಕ್ಷಿ ಅಂದರೆ ಕೋರ್ಟಿನದಲ್ಲ. ದೇವರು ನನ್ನ ಜೀವನದಲ್ಲಿ ಏನು ಮಾಡಿದ ಅಂತ ಎದ್ದು ನಿಂತು ಹೇಳುವುದು. ಹಿಂದಿಯಲ್ಲಿ ಮೂರು ಪುಟ ಆಯಿತು. ನನ್ನ ಹಿಂದಿ ಹುಬ್ಬಳ್ಳಿಯ ಹಿಂದಿ. ಆದರೂ ಮನಸ್ಸಿನಲ್ಲಿ ದೊಡ್ಡ ಚಿತ್ರವೇ ಇತ್ತು: ನಾನು ಮಾತಾಡುತ್ತೇನೆ, ಹಿಮಾಲಯ ಹಿಂದೆ ಕಾಣುತ್ತದೆ, ಜನ ಕಣ್ಣೊರೆಸಿಕೊಳ್ಳುತ್ತಾರೆ. ನಗಬೇಡಿ. ಮೊದಲ ಸಲ ಹೊರಟವರೆಲ್ಲರ ತಲೆಯಲ್ಲೂ ಇಂಥ ಒಂದು ಸಿನಿಮಾ ಓಡುತ್ತಿರುತ್ತದೆ.

ಕೆಳಗೆ ಅಯ್ಯನವರು ಹುಡುಗರಿಗೆ ಕಿಟೆಲ್ ಕಥೆ ಹೇಳುತ್ತಿದ್ದರು. 1853ರಲ್ಲಿ ಈ ಕಡೆ ಬಂದಾಗ ಕಿಟೆಲ್‌ಗೆ 21 ವರ್ಷ. ಅವರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾಗಿದ್ದು 1894ರಲ್ಲಿ. ನಡುವಿನ ಲೆಕ್ಕ ನಾನು ಆಡಿಟರ್ ಆಫೀಸಿನವಳಲ್ವಾ, ತಕ್ಷಣ ಹಾಕಿದೆ: 41 ವರ್ಷ. ನನ್ನ ಫೋನಿನಲ್ಲಿ ನೇಪಾಳಿ ಶಬ್ದಗಳ ಪಟ್ಟಿ ಇತ್ತು. ಹನ್ನೊಂದು ಶಬ್ದ.

ಮೂರನೇ ದಿನ, ಭಾನುವಾರ

ವಾರಾಣಸಿ. ಎಲ್ಲೆಲ್ಲೂ ಬಾವುಟ, ಬಿದಿರಿನ ಬೇಲಿ, ಪೊಲೀಸರು. ಮರುದಿನ ಪ್ರಧಾನಿಯವರ ರೋಡ್ ಶೋ, ಅದರ ಮರುದಿನ ನಾಮಪತ್ರ. ಆಟೋದವನು ಸುತ್ತು ಹಾಕಿ ಹಾಕಿ ಬಸ್ ಸ್ಟ್ಯಾಂಡಿಗೆ ಬಿಟ್ಟ. ಗಂಗೆ ನೋಡಲಿಲ್ಲ. ರಾತ್ರಿ ಬಸ್ಸಿನಲ್ಲಿ ಗೋರಖಪುರ ದಾಟಿ ಸೋನೌಲಿ ಕಡೆ. ಬಸ್ಸಿನ ಸೀಟು ಹಿಂದಕ್ಕೆ ಬಾಗುತ್ತದೆ ಅಂದಿದ್ದರು. ಬಾಗಿತು. ಮತ್ತೆ ಮೇಲೆ ಏಳಲೇ ಇಲ್ಲ.

ನಾಲ್ಕನೇ ದಿನ, ಸೋಮವಾರ

ಗಡಿ ಅಂದರೆ ನಾನು ಮುಳ್ಳುತಂತಿ, ಬಂದೂಕು, ಮೌನ ಅಂದುಕೊಂಡಿದ್ದೆ. ಸೋನೌಲಿಯಲ್ಲಿ ಒಂದು ದೊಡ್ಡ ಕಮಾನು. ಅದರ ಕೆಳಗೆ ಸೈಕಲ್ ರಿಕ್ಷಾ, ಲಾರಿ, ಉಳ್ಳಾಗಡ್ಡಿ ಚೀಲ ಹೊತ್ತ ಹೆಂಗಸರು, ಆಡು ಎಲ್ಲ ಆ ಕಡೆ ಈ ಕಡೆ ಓಡಾಡಿಕೊಂಡಿದ್ದವು. ಭಾರತೀಯರಿಗೆ ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲದಿದ್ದರೆ ಮತದಾರರ ಚೀಟಿ ತೋರಿಸಿದರೂ ಸಾಕು. ನಾವು ಅದನ್ನೇ ತೋರಿಸಿದೆವು.

ಜವಾನ ನನ್ನ ಚೀಟಿ ನೋಡಿ, ಬೆರಳು ನೋಡಿದ. ಹಾವೇರಿ ಕ್ಷೇತ್ರಕ್ಕೆ ಮೇ 7ಕ್ಕೆ ಮತದಾನ ಆಗಿತ್ತು. ಗದಗ ಅದರೊಳಗೇ ಬರುತ್ತದೆ. ಮಸಿ ಇನ್ನೂ ಉಗುರಿನ ಬುಡದಲ್ಲಿ ಕಪ್ಪಗೆ ಕೂತಿತ್ತು. "ನಮ್ಮ ಕಡೆ ಜೂನ್ ಒಂದಕ್ಕೆ. ನಿಮ್ಮದಾಗಲೇ ಮುಗೀತಾ?" ಅಂದ. ಒಂಬತ್ತೂ ಜನ ಬೆರಳೆತ್ತಿ ತೋರಿಸಿದೆವು. ಅಷ್ಟೇ. ಹತ್ತು ಹೆಜ್ಜೆ ನಡೆದರೆ ವಿದೇಶ.

ಮೊದಲು ಬದಲಾದದ್ದು ಗಡಿಯಾರ. ನೇಪಾಳ ನಮಗಿಂತ ಹದಿನೈದು ನಿಮಿಷ ಮುಂದೆ. ಆಮೇಲೆ ದುಡ್ಡು: ನಮ್ಮ ನೂರಕ್ಕೆ ಅವರ ನೂರಾ ಅರವತ್ತು. ವರ್ಷವೂ ಬೇರೆ. ಅಂಗಡಿಯ ಕ್ಯಾಲೆಂಡರಿನಲ್ಲಿ 2081 ಅಂತಿತ್ತು. ಫೋನಿನಲ್ಲಿ ಸಿಗ್ನಲ್ ಹೋಯಿತು. ಅಮ್ಮನಿಗೆ ಹೇಳಿ ಬಂದಿದ್ದೆ, ಆದರೂ ಎದೆ ಸ್ವಲ್ಪ ಖಾಲಿಯಾಯಿತು.

ಬುಟ್ವಲ್ ದಾಟಿದ ಕೂಡಲೇ ಬಯಲು ಮುಗಿದು ಗೋಡೆಯ ಹಾಗೆ ಗುಡ್ಡ ಎದ್ದು ನಿಲ್ಲುತ್ತದೆ. ರಸ್ತೆ ಒಂದು ಕೊರಕಲಿನೊಳಗೆ ನುಗ್ಗುತ್ತದೆ. ಸಿದ್ಧಬಾಬಾ ಅನ್ನುವ ಆ ಜಾಗದಲ್ಲಿ ಮೇಲಿಂದ ಕಲ್ಲು ಉರುಳುವುದು ಮಾಮೂಲು. ನಮ್ಮ ಡ್ರೈವರ್ ಒಂದು ಕೈ ಎದೆಗೆ ಒತ್ತಿಕೊಂಡು ಗುಡಿಗೆ ನಮಸ್ಕಾರ ಮಾಡಿದ. ನಾವು ನಮ್ಮ ಪ್ರಾರ್ಥನೆ ನಾವು ಮಾಡಿದೆವು. ಕಲ್ಲು ಯಾರ ಮೇಲೂ ಬೀಳಲಿಲ್ಲ.

ಸಂಜೆ ತಾನ್ಸೇನ್. ಪಾಲ್ಪಾ ಜಿಲ್ಲೆಯ ಊರು, ಸುಮಾರು 1,350 ಮೀಟರ್ ಎತ್ತರ. ಧಾರವಾಡದ ದುಪ್ಪಟ್ಟಿಗೆ ಸ್ವಲ್ಪ ಕಡಿಮೆ. ಕಲ್ಲುಹಾಸಿನ ಬೀದಿಗಳು ಎಷ್ಟು ಕಡಿದಾಗಿವೆ ಅಂದರೆ ನಮ್ಮ ಗಿಟಾರಿನ ತಮ್ಮ ನಾಲ್ಕು ಸಲ ನಿಂತ. ಬೆಟಗೇರಿಯಲ್ಲಿ ಜರ್ಮನ್ ದವಾಖಾನೆ ಇದ್ದ ಹಾಗೆ ಇಲ್ಲೂ ಒಂದು ಮಿಷನ್ ಆಸ್ಪತ್ರೆ ಇದೆ. ನೇಪಾಳ ಹೊರಗಿನವರಿಗೆ ಬಾಗಿಲು ತೆರೆದದ್ದೇ 1950ರ ದಶಕದಲ್ಲಿ. ಆಗ ಬಂದ ಡಾಕ್ಟರು, ನರ್ಸುಗಳು ಕಟ್ಟಿದ್ದು.

ಊಟಕ್ಕೆ ಚುಕೌನಿ ಬಡಿಸಿದರು. ಬೇಯಿಸಿದ ಆಲೂಗಡ್ಡೆ, ಗಟ್ಟಿ ಮೊಸರು, ಉಳ್ಳಾಗಡ್ಡಿ, ಮೇಲೆ ಮೆಂತೆ ಒಗ್ಗರಣೆ. ಮೂರು ದಿನ ಖಡಕ್ ರೊಟ್ಟಿ ತಿಂದ ನಾಲಿಗೆಗೆ ಅದು ಏನು ಮಾಡಿತು ಅಂತ ಹೇಳಲಾರೆ. ಬಟುಕ್ ಅಂತ ಇನ್ನೊಂದಿತ್ತು. ಉದ್ದಿನವಡೆಯ ತಮ್ಮನೇ ಸೈ.

ಐದನೇ ದಿನ, ಮಂಗಳವಾರ

ಜೀಪು, ಆಮೇಲೆ ಒಂದು ತಾಸು ನಡಿಗೆ. ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿನವರಿಗೆ ಅದು ಒಳ್ಳೆಯದಲ್ಲ ಅಂತ ಅಯ್ಯನವರು ಹೇಳಿದ್ದಾರೆ. ಹದಿನಾಲ್ಕು ಮನೆ, ಹೆಚ್ಚಿನವರು ಮಗರ್ ಜನ. ಐದಾರು ಮನೆಯವರು ಸಭೆಗೆ ಸೇರಿದವರು, ಉಳಿದವರು ಅಲ್ಲ. ನೀರು ಎಲ್ಲರಿಗೂ ಬೇಕು. ಹಳೆಯ ಊಟೆ ಬತ್ತುತ್ತಾ ಬಂದಿದೆ. ಇನ್ನೂ ಮೇಲಿನ ಊಟೆಯಿಂದ ಹೊಸ ಲೈನ್ ತರಬೇಕು. ಕರಿ ಪೈಪು ಆಗಲೇ ಬಂದು ಬಿದ್ದಿತ್ತು. ಕಾಲುವೆ ತೋಡಲು ಜನ ಇರಲಿಲ್ಲ.

ಯಾಕೆ ಇಲ್ಲ ಅಂತ ಊರೊಳಗೆ ಹೆಜ್ಜೆ ಇಟ್ಟ ಕೂಡಲೇ ಗೊತ್ತಾಯಿತು. ಮುದುಕರಿದ್ದಾರೆ, ಹೆಂಗಸರಿದ್ದಾರೆ, ಮಕ್ಕಳಿದ್ದಾರೆ. ಇಪ್ಪತ್ತರಿಂದ ನಲವತ್ತೈದರ ಗಂಡಸರೇ ಇಲ್ಲ. ಕತಾರ್, ಸೌದಿ, ಮಲೇಷಿಯಾ, ಪುಣೆ. ಪ್ರತಿ ಮನೆಯ ಗೋಡೆಯ ಮೇಲೂ ಒಬ್ಬ ಗಂಡಸು, ಹಿಂದೆ ಒಂದು ಎತ್ತರದ ಕಟ್ಟಡ ಇರುವ ಫೋಟೋ.

ನಮ್ಮ ಮೇಸ್ತ್ರಿ ಒಬ್ಬರು ಬಾಜೆ. ಬಾಜೆ ಅಂದರೆ ಅಜ್ಜ. ಭಾರತದ ಸೈನ್ಯದಲ್ಲಿ ಗೂರ್ಖಾ ಹವಾಲ್ದಾರರಾಗಿ ನಿವೃತ್ತಿಯಾದವರು, ಈಗಲೂ ಪೆನ್ಶನ್ ನಮ್ಮ ಸರ್ಕಾರದ್ದೇ. ಕರ್ನಾಟಕ ಅಂದ ಕೂಡಲೇ ಅವರ ಮುಖ ಅರಳಿತು. "ಬೆಳಗಾಂವ್! ಕಮಾಂಡೋ ಕೋರ್ಸ್!" ಅಂದರು. ಆಮೇಲೆ ಸ್ವಲ್ಪ ಯೋಚಿಸಿ, ಇನ್ನೂ ಜೋರಾಗಿ, "ಕುಂದಾ!"

ನಾನು ಧಾರವಾಡ ಪೇಡಾ ಡಬ್ಬಿ ತೆಗೆದು ಕೊಟ್ಟೆ. ಒಂದು ತಿಂದು, ಚೆನ್ನಾಗಿದೆ, ಆದರೆ ಕುಂದಾ ಅಲ್ಲ ಅಂದರು.

ಆರನೇ ದಿನ, ಬುಧವಾರ

ಉಸುಕು ಹೊರುವ ದಿನ. ಜೀಪು ನಿಲ್ಲುವ ಕಡೆಯಿಂದ ತೊಟ್ಟಿ ಕಟ್ಟುವ ಜಾಗಕ್ಕೆ ಅರ್ಧ ತಾಸಿನ ಏರು. ಡೋಕೋ ಅಂತ ಬಿದಿರಿನ ಬುಟ್ಟಿ ಬೆನ್ನಿಗೆ. ಅದರ ಪಟ್ಟಿ, ನಾಮ್ಲೋ, ಹೆಗಲಿಗಲ್ಲ, ಹಣೆಗೆ. ಭಾರ ಪೂರಾ ಕುತ್ತಿಗೆ ಮೇಲೆ.

ನಮ್ಮ ಹುಡುಗರಲ್ಲಿ ಇಬ್ಬರು ಹುಬ್ಬಳ್ಳಿಯ ಜಿಮ್ಮಿಗೆ ದಿನಾ ಹೋಗುವವರು. ಮೊದಲ ಸುತ್ತಿಗೇ ಅರ್ಧ ಬುಟ್ಟಿ ಸುರಿದುಬಿಟ್ಟರು. ಪಕ್ಕದಲ್ಲಿ ಐವತ್ತು ದಾಟಿದ ಒಬ್ಬ ದೀದಿ ತುಂಬಿದ ಡೋಕೋ ಹೊತ್ತು, ಮೊಬೈಲಿನಲ್ಲಿ ಮಗನ ಜೊತೆ ಮಾತಾಡುತ್ತಾ ನಮ್ಮನ್ನು ದಾಟಿ ಹೋದರು. ಚಪ್ಪಲಿಯಲ್ಲಿ.

ರಾತ್ರಿ ನಾನು ಲೆಕ್ಕ ಹಾಕಿದೆ, ಹಾಕಬಾರದಿತ್ತು. ತಲೆಗೆ ಹದಿನಾಲ್ಕು ಸಾವಿರ ಖರ್ಚು. ಒಂಬತ್ತು ಜನಕ್ಕೆ 1,26,000. ಅರ್ಧ ದುಡ್ಡು ನಮ್ಮ ಕೈಯಿಂದ, ಅರ್ಧ ಚರ್ಚಿನ ಸುಗ್ಗಿ ಹಬ್ಬದ ಕಾಣಿಕೆ ಸವಾಲಿನಿಂದ, ಅಂದರೆ ಹರಾಜಿನಿಂದ. ಒಂದು ಕುಂಬಳಕಾಯಿಯೇ 1,100ಕ್ಕೆ ಹೋಗಿತ್ತು. ಒಟ್ಟು ಖರ್ಚು ನೇಪಾಳಿ ರೂಪಾಯಿಯಲ್ಲಿ 2,01,600. ಇಷ್ಟು ದುಡ್ಡು ಸುಮ್ನೆ ಕಳಿಸಿದ್ದರೆ ಏನು ಮಾಡುತ್ತಿದ್ದಿರಿ ಅಂತ ಅಲ್ಲಿನ ಪಾಸ್ಟರನ್ನು ಕೇಳಿಯೇಬಿಟ್ಟೆ. ಏನೋ ಸಮಾಧಾನದ ಮಾತು ಬರುತ್ತದೆ ಅಂದುಕೊಂಡಿದ್ದೆ. ಅವರು ಒಂದು ಕ್ಷಣವೂ ತಡೆಯಲಿಲ್ಲ.

"ಇನ್ನೂ ಪೈಪ್ ತರ್ತಿದ್ವಿ" ಅಂದರು.

ಏಳನೇ ದಿನ, ಗುರುವಾರ

ಇವತ್ತಿನದನ್ನು ಬರೆಯದೆ ಬಿಡೋಣ ಅನಿಸಿತ್ತು. ಆದರೆ ಬಿಟ್ಟರೆ ಮುಂದಿನದು ತಿಳಿಯುವುದಿಲ್ಲ.

ಕಾಲುವೆ ಅರ್ಧಕ್ಕಿಂತ ಜಾಸ್ತಿ ಮುಗಿದಿತ್ತು. ಹಳೆಯ ಲೈನು ಒಂದು ಕಡೆ ನಮ್ಮ ದಾರಿಗೆ ಅಡ್ಡ ಹಾಯುತ್ತದೆ, ಅಲ್ಲಿ ನಿಧಾನ ಅಂತ ಬಾಜೆ ಬೆಳಿಗ್ಗೆಯೇ ಹೇಳಿದ್ದರು. ಪೈಪು ಒಂದು ಮೊಳ ಆಳದಲ್ಲಿದೆ, ಅಷ್ಟರವರೆಗೆ ಗುದ್ದಲಿ ಹಾಕಿ, ಆಮೇಲೆ ಕೈಯಲ್ಲಿ ಮಣ್ಣು ತೆಗೆಯಿರಿ. ನಾವು ತಲೆಯಾಡಿಸಿದೆವು. ಹನ್ನೊಂದು ಗಂಟೆಗೆ ಗಿಟಾರಿನ ತಮ್ಮ ಗುದ್ದಲಿ ಎತ್ತಿ ಹಾಕಿದ. ಅರ್ಧ ಮೊಳವೂ ಇಳಿದಿರಲಿಲ್ಲ. ಠಪ್ ಅಂತ ಸದ್ದು. ಆಮೇಲೆ ನೀರು, ಕಾರಂಜಿಯ ಹಾಗೆ ಅವನ ಮುಖಕ್ಕೇ.

ಮೊದಲು ನಾವೆಲ್ಲ ನಕ್ಕೆವು. ಆಮೇಲೆ ಕೆಳಗಿನಿಂದ ಒಬ್ಬಳು ಹುಡುಗಿ ಖಾಲಿ ಕೊಡ ಹಿಡಿದು ಮೇಲೆ ಬಂದು ಸುಮ್ಮನೆ ನಿಂತಳು. ಅವಳ ಹಿಂದೆ ಇನ್ನೊಬ್ಬರು. ಹದಿನಾಲ್ಕು ಮನೆಗಿದ್ದ ಒಂದೇ ಲೈನು ಅದು. ನೀರು ತರಲು ಬಂದವರು ಇದ್ದ ನೀರನ್ನೂ ನಿಲ್ಲಿಸಿದ್ದೆವು.

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬಾಜೆ ಬಂದು ನೋಡಿದರು. ಆಳ ನೋಡಿ ಹುಬ್ಬು ಗಂಟಿಕ್ಕಿದರು, ಏನೋ ಗೊಣಗಿಕೊಂಡರು. ಆಮೇಲೆ ಮೇಲೆ ನೀರು ಕಟ್ಟಿಸಿ, ಪೈಪಿನ ಕೆಟ್ಟ ಭಾಗವನ್ನು ಗರಗಸದಲ್ಲಿ ಕೊಯ್ದು ತೆಗೆದರು. ಮೂರು ಕಲ್ಲಿಟ್ಟು ಒಲೆ ಹೂಡಿ, ಹಿಡಿ ಇದ್ದ ಒಂದು ದಪ್ಪ ಕಬ್ಬಿಣದ ತಟ್ಟೆಯನ್ನು ಬೆಂಕಿಯಲ್ಲಿಟ್ಟರು. ಅದು ಕಾದಿದೆಯೋ ಇಲ್ಲವೋ ಅಂತ ನೋಡಲು ಮೇಲೆ ಉಗುಳಿದರು. ಉಗುಳು ಮುತ್ತಿನ ಹಾಗೆ ಕುಣಿಯಿತು. ಪೈಪಿನ ಎರಡು ತುದಿಗಳನ್ನು ಆ ತಟ್ಟೆಯ ಎರಡು ಕಡೆಗೆ ಒತ್ತಿ ಹಿಡಿದರು. ಸುಟ್ಟ ವಾಸನೆ. ತುದಿಗಳು ಮೇಣದ ಹಾಗೆ ಹೊಳೆಯತೊಡಗಿದವು, ಅಂಚಿನಲ್ಲಿ ಸಣ್ಣ ತುಟಿ ಮೂಡಿತು. "ಅಬ!" ಅಂದರು. ತಟ್ಟೆಯನ್ನು ಎಳೆದರು, ಎರಡೂ ತುದಿಗಳನ್ನು ಒಂದಕ್ಕೊಂದು ಒತ್ತಿದರು. ನಮ್ಮ ಗಿಟಾರಿನ ತಮ್ಮ ಒಂದು ಕಡೆ ಹಿಡಿದು, ಉಸಿರು ಬಿಗಿಹಿಡಿದು ಕೂತಿದ್ದ. ಬಾಜೆ ನೂರರವರೆಗೆ ಎಣಿಸಿದರು. ಸೈನ್ಯದ ಹಿಂದಿಯಲ್ಲಿ, ಜೋರಾಗಿ.

ಮೊದಲ ಬೆಸುಗೆ ಸೋರಿತು. ಎರಡನೆಯದೂ ಸೋರಿತು. ಮೂರನೆಯದು ಹಿಡಿಯಿತು. ಅಷ್ಟೊತ್ತಿಗೆ ಕತ್ತಲಾಗಿತ್ತು. ಆ ದಿನ ಊರಿನ ಹೆಂಗಸರು ಕೆಳಗಿನ ಹಳ್ಳದಿಂದ ನೀರು ಹೊತ್ತರು. ನಮಗೂ ಅದರಲ್ಲೇ ಚಹಾ ಮಾಡಿಕೊಟ್ಟರು. ಕುಡಿಯುವುದು ಕಷ್ಟವಾಯಿತು.

ಎಂಟನೇ ದಿನ, ಶುಕ್ರವಾರ

ನನ್ನ ಬಲಗೈಯಲ್ಲಿ ನಾಲ್ಕು ಬೊಬ್ಬೆ. ಬಾಜೆ ನೋಡಿ, ಇವಳಿಗೆ ಗುದ್ದಲಿ ಬೇಡ ಅಂದರು. ಅವತ್ತು ಡೋಕೋ ಹೊತ್ತು ನಮ್ಮನ್ನು ದಾಟಿ ಹೋಗಿದ್ದ ದೀದಿಯ ಮನೆಯಲ್ಲಿ ಕೂರಿಸಿದರು. ಕಾಳು ಆರಿಸುವ ಕೆಲಸ ಇರಬೇಕು ಅಂದುಕೊಂಡು ಒಳಗೆ ಕಾಲಿಟ್ಟರೆ, ಕಿವಿಗೆ ಬಿದ್ದ ಸದ್ದು ನಮ್ಮ ಮನೆಯದು. ಖಟ್, ಪಟ್. ಮಗ್ಗ.

ಪಾಲ್ಪಾದ ಢಾಕಾ ಬಟ್ಟೆ ನೇಪಾಳಕ್ಕೆಲ್ಲ ಹೆಸರುವಾಸಿ. ಅವರ ಟೋಪಿ ನೀವು ನೋಡಿರುತ್ತೀರಿ, ಬಣ್ಣಬಣ್ಣದ ಮೂಲೆಮೂಲೆ ಚಿತ್ತಾರದ್ದು. ನಮ್ಮ ಬೆಟಗೇರಿಯಲ್ಲಿ ಕುಣಿಮಗ್ಗ, ಕಾಲು ಗುಂಡಿಯೊಳಗೆ. ಇವರದು ನೆಲದ ಮೇಲೆ ನಿಂತ ಮರದ ಚೌಕಟ್ಟು. ಉಳಿದಂತೆ ಹಾಸು ಹಾಸೇ, ಹೊಕ್ಕು ಹೊಕ್ಕೇ. ಚಿತ್ತಾರ ಮಾತ್ರ ಬೇರೆ ದಾರಿ. ಹಾಸಿನ ಎಳೆ ಎಣಿಸಿ ಎಣಿಸಿ, ಬಣ್ಣದ ದಾರದ ಪುಟ್ಟ ಪುಟ್ಟ ಸುರುಳಿಗಳನ್ನು ಬೆರಳಿನಿಂದ ನಡುವೆ ತೂರಿಸುತ್ತಾರೆ. ನಕ್ಷೆ ಇಲ್ಲ, ಕಾಗದ ಇಲ್ಲ. ಎಲ್ಲ ತಲೆಯಲ್ಲಿ.

ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದಾಗ ಒಂದು ಎಳೆ ಹರಿಯಿತು. ದೀದಿ ಕೈ ಚಾಚುವ ಮುಂಚೆ ನನ್ನ ಕೈ ಹೋಗಿತ್ತು. ಯೋಚಿಸಿ ಮಾಡಿದ್ದಲ್ಲ. ಅಜ್ಜಿ ನನ್ನನ್ನು ಐದನೇ ವರ್ಷಕ್ಕೇ ಕಂಡಿಕೆ ಸುತ್ತಲು ಕೂರಿಸಿದ್ದವಳು. ಎಳೆ ಹರಿದಾಗ ಹಾಕುವ ಗಂಟು ಒಂದೇ. ಎರಡು ತುದಿಗಳನ್ನು ಎಡಗೈ ಹೆಬ್ಬೆರಳು, ತೋರುಬೆರಳಿನ ನಡುವೆ ಒಂದರ ಮೇಲೊಂದು ಅಡ್ಡ ಇಡಬೇಕು. ಒಂದರ ಉದ್ದನೆಯ ಎಳೆ ಹೆಬ್ಬೆರಳಿನ ಉಗುರು ಸುತ್ತಿ ಬಂದು ಆ ತುದಿಗಳ ನಡುವೆ ಕೂರಬೇಕು. ಇನ್ನೊಂದರ ತುದಿಯನ್ನು ಮಡಚಿ ಆ ಕುಣಿಕೆಯೊಳಗೆ ಅದುಮಬೇಕು. ಎಳೆದರೆ ಮುಗೀತು. ಸಾಸಿವೆಗಿಂತ ಸಣ್ಣ ಗಂಟು. ಹಣಿಗೆಯ ಹಲ್ಲಿನಲ್ಲಿ ಸಿಕ್ಕುವುದಿಲ್ಲ.

ದೀದಿ ಆ ಗಂಟನ್ನು ಉಗುರಿನಿಂದ ಗೀರಿ ನೋಡಿದರು. ನನ್ನ ಮುಖ ನೋಡಿದರು. ಆಮೇಲೆ ತಾವೂ ಒಂದು ಗಂಟು ಹಾಕಿ ತೋರಿಸಿದರು. ಅದೇ. ಹೆಬ್ಬೆರಳು ಸುತ್ತುವ ದಿಕ್ಕು ಮಾತ್ರ ಉಲ್ಟಾ. ಇಬ್ಬರೂ ನಕ್ಕುಬಿಟ್ಟೆವು. ಅವತ್ತು ಸಂಜೆವರೆಗೆ ಹರಿದ ಎಳೆಗಳೆಲ್ಲ ನನ್ನವು. ನನಗೆ ಸರಿಯಾಗಿ ಗೊತ್ತಿದ್ದ ಕೆಲಸ ಈ ಪ್ರವಾಸದಲ್ಲಿ ಇದೊಂದೇ. ತಮಾಷೆ ಅಂದರೆ, ನಮ್ಮ ತಯಾರಿ ಸಭೆಯಲ್ಲಿ "ನಿಮಗೆ ಏನೇನು ಬರುತ್ತದೆ" ಅಂತ ಫಾರ್ಮ್ ತುಂಬಿಸಿದ್ದರು. ನಾನು ಹಾಡು, ಕಂಪ್ಯೂಟರ್, ಟ್ಯಾಲಿ ಅಂತ ಬರೆದಿದ್ದೆ. ನೇಯ್ಗೆ ಅಂತ ಬರೆಯಲು ನಾಚಿಕೆಯಾಗಿತ್ತು.

ಚಹಾ ಕುಡಿಯುವಾಗ ದೀದಿ ಕೇಳಿದರು. "ಬಹಿನಿ, ನಿಮ್ಮ ಊರು ಯಾವುದು?" ಗದಗ ಅಂದೆ, ಗೊತ್ತಾಗಲಿಲ್ಲ. ಕೆಲಸ ಹುಬ್ಬಳ್ಳಿಯಲ್ಲಿ ಅಂದೆ.

ಲೋಟ ಕೆಳಗಿಟ್ಟರು. "ಹುಬ್ಲಿ?"

"ಹೌದು, ಹುಬ್ಬಳ್ಳಿ."

"ಮೇರಾ ಬೇಟಾ ಹುಬ್ಲಿ ಮೇ ಹೈ."

ನಾನು ನಂಬಲಿಲ್ಲ. ದೀದಿ ಫೋನ್ ತೆಗೆದರು. ಒಂದು ಗೋಬಿ ಮಂಚೂರಿ ಗಾಡಿ, ಕೆಂಪು ಬಲ್ಬು, ಹಿಂದೆ ಕನ್ನಡ ಬೋರ್ಡು. ಗಾಡಿಯ ಹಿಂದೆ ಬಾಣಲೆ ಎತ್ತಿ ಹಿಡಿದ ಹುಡುಗ. ವಿದ್ಯಾನಗರ. ನನ್ನ ರೂಮಿನಿಂದ ನಡೆದರೆ ಹತ್ತು ನಿಮಿಷ. ಆ ಗಾಡಿಯಲ್ಲಿ ನಾನು ಎಷ್ಟು ಸಲ ತಿಂದಿದ್ದೇನೋ. ನಾವೆಲ್ಲ ಅವನನ್ನು ಬಹಾದ್ದೂರ್ ಅಂತ ಕರೆಯುತ್ತಿದ್ದೆವು. ಅದು ಅವನ ಹೆಸರಲ್ಲ.

"ಊಟ ಸರಿಯಾಗಿ ಮಾಡ್ತಾನಾ? ಸಭೆಗೆ ಹೋಗ್ತಾನಾ?" ದೀದಿ ಕೇಳುತ್ತಲೇ ಇದ್ದರು. ನನಗೆ ಗೊತ್ತಿದ್ದದ್ದು ಇಷ್ಟೇ: ಅವನು ಖಾರ ಜಾಸ್ತಿ ಹಾಕುತ್ತಾನೆ.

ಒಂಬತ್ತನೇ ದಿನ, ಶನಿವಾರ

ನೇಪಾಳದಲ್ಲಿ ಆಗ ವಾರದ ರಜಾ ಶನಿವಾರ. ಆರಾಧನೆಯೂ ಶನಿವಾರವೇ. ಭಾನುವಾರ ಮಕ್ಕಳೆಲ್ಲ ಶಾಲೆಗೆ ಹೋಗುತ್ತಿದ್ದರು. ನಮ್ಮ ಹುಡುಗರಿಗೆ ಇದು ಎಷ್ಟು ವಿಚಿತ್ರ ಅನಿಸಿತು ಅಂದರೆ, ಒಬ್ಬ "ಹಂಗಾದ್ರ ನಾಳಿ ಮತ್ತ ಚರ್ಚ್ ಇಲ್ಲೇನು?" ಅಂತ ಎರಡು ಸಲ ಕೇಳಿದ.

ರಾತ್ರಿ ಮಳೆ ಸುರಿದಿತ್ತು. ಇಷ್ಟು ದಿನ ಕಾಡುಬೆಂಕಿಯ ಹೊಗೆ ತುಂಬಿ ಎದುರಿನ ಗುಡ್ಡವೇ ಕಾಣುತ್ತಿರಲಿಲ್ಲ. ಬೆಳಿಗ್ಗೆ ಬಾಗಿಲು ತೆರೆದರೆ ಉತ್ತರಕ್ಕೆ ಧೌಲಾಗಿರಿ. 8,167 ಮೀಟರ್. ಮೋಡ ಅಂದುಕೊಂಡೆ. ಮೋಡ ಅಲುಗುತ್ತದೆ, ಇದು ಅಲುಗಲಿಲ್ಲ. ಏಳೂವರೆಗೆ ಮುಚ್ಚಿಹೋಯಿತು.

ಸಭೆ ಅಂದರೆ ತಗಡಿನ ಮಾಡಿನ ಒಂದು ಕೋಣೆ. ಚಪ್ಪಲಿ ಹೊರಗೆ, ಚಾಪೆ ಮೇಲೆ ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ಗಂಡಸರ ಕಡೆ ಬಾಜೆ, ಇಬ್ಬರು ಮುದುಕರು, ಹುಡುಗ ಮಕ್ಕಳು, ನಮ್ಮ ಐವರು. ಎಲ್ಲರೂ ಎಲ್ಲರಿಗೂ "ಜಯ ಮಸೀಹ" ಅನ್ನುತ್ತಾರೆ. ಗಿಟಾರು ಹೊರಬಂತು, ಆದರೆ ಮಾದಲ್ ಅನ್ನುವ ಅವರ ಮದ್ದಳೆ ಶುರುವಾದ ಮೇಲೆ ನಮ್ಮ ತಮ್ಮ ಅದನ್ನು ಮೆಲ್ಲಗೆ ಗೋಡೆಗೆ ಆನಿಸಿಟ್ಟ.

ಪ್ರಾರ್ಥನೆಯ ಹೊತ್ತಿಗೆ ಪಾಸ್ಟರ್ ಒಂದು ನೋಟ್‌ಬುಕ್ ತೆಗೆದು ಹೆಸರು ಓದಿದರು. ಒಂದೊಂದು ಹೆಸರಿನ ಜೊತೆ ಒಂದು ಊರು. ದೋಹಾ. ರಿಯಾದ್. ಕ್ವಾಲಾಲಂಪುರ. ಪುಣೆ. ಸಭೆಗೆ ಸೇರದ ಮನೆಯವರ ಹೆಸರುಗಳೂ ಇದ್ದವು, ದೀದಿ ಆಮೇಲೆ ಹೇಳಿದರು. "ಹುಬ್ಲಿ" ಅಂತ ಬಂದಾಗ ನಮ್ಮ ಒಂಬತ್ತೂ ಜನರ ತಲೆ ಒಟ್ಟಿಗೇ ಮೇಲೆದ್ದಿತು.

ಆಮೇಲೆ ನನ್ನ ಸಾಕ್ಷಿ. ಮೂರು ಪುಟ ಪೂರಾ ಓದಿದೆ. ಪಾಸ್ಟರ್ ನೇಪಾಳಿಗೆ ಮಾಡಿ ಹೇಳಿದರು: ಮೂರೇ ವಾಕ್ಯ. ಎರಡನೇ ವಾಕ್ಯಕ್ಕೆ ಎಲ್ಲರೂ ನಕ್ಕರು. ನಾನು ನಗುವಂಥದ್ದು ಏನೂ ಬರೆದಿರಲಿಲ್ಲ. ಪೈಪಿನ ವಿಷಯ ಸೇರಿಸಿರಬೇಕು.

ಹತ್ತನೇ ದಿನ, ಭಾನುವಾರ

ಮಧ್ಯಾಹ್ನ ಎರಡಕ್ಕೆ ಹೊಸ ನಲ್ಲಿಯಲ್ಲಿ ನೀರು ಬಂತು. ಮೊದಲು ಗಾಳಿ, ಆಮೇಲೆ ಕೆಮ್ಮು, ಆಮೇಲೆ ಕೆಂಪು ನೀರು, ಕೊನೆಗೆ ತಿಳಿ. ನಿಜ ಹೇಳಬೇಕೆಂದರೆ ಕೊನೆಯ ಎಂಬತ್ತು ಅಡಿ ಕಾಲುವೆ ಊರಿನ ಹೆಂಗಸರೇ ಬೆಳಿಗ್ಗೆ ನಾವು ಏಳುವ ಮುಂಚೆ ತೋಡಿ ಮುಗಿಸಿದ್ದರು.

ಹೊರಡುವಾಗ ದೀದಿ ಒಂದು ಗಂಟು ಕೊಟ್ಟರು. ಒಳಗೆ ಗುಂದ್ರುಕ್, ಅಂದರೆ ಹುಳಿ ಬರಿಸಿ ಒಣಗಿಸಿದ ಸೊಪ್ಪು. ಮತ್ತೆ ಒಂದು ಟೋಪಿ. ಮಗನಿಗೆ. ಟೋಪಿಯ ಬಟ್ಟೆ ಶುಕ್ರವಾರ ಮಗ್ಗದ ಮೇಲಿದ್ದದ್ದೇ.

"ಮತ್ತೆ ಯಾವಾಗ ಬರ್ತೀರಿ?" ಅಂತ ಬಾಜೆ ಕೇಳಿದರು. ದೇವರ ಚಿತ್ತ ಇದ್ದರೆ ಅಂದರು ನಮ್ಮ ಅಯ್ಯನವರು. ಬಾಜೆ ಅದಕ್ಕೆ, ಬಂದರೆ ಕುಂದಾ ತನ್ನಿ ಅಂದರು.

ಆಮೇಲೆ

ವಾಪಸ್ ದಾರಿ ಬೇರೆ ಏನಿಲ್ಲ. ಸೆಕೆ, ನಿದ್ದೆ, ಇಬ್ಬರಿಗೆ ಹೊಟ್ಟೆ ಕೆಟ್ಟಿತು. ಗುಂದ್ರುಕ್ ವಾಸನೆಗೆ ಬೋಗಿಯಲ್ಲಿ ಜಗಳವೂ ಆಯಿತು. ಗುರುವಾರ ಬೆಟಗೇರಿ.

ಅಜ್ಜಿ ಟೋಪಿಯನ್ನು ಕೈಗೆ ತೆಗೆದುಕೊಂಡು ಮೊದಲು ಒಳಮೈ ತಿರುಗಿಸಿದಳು. ಯಾವ ಬಟ್ಟೆ ಕೊಟ್ಟರೂ ಅವಳು ನೋಡುವುದು ಹಿಂಬದಿಯನ್ನೇ. ಕಿಟಕಿಯ ಬೆಳಕಿಗೆ ಹಿಡಿದು, ಬೆರಳ ತುದಿಯಿಂದ ಸವರಿ, "ಇಲ್ಲಿ ಎರಡು ಕೈ ಆಡ್ಯಾವು" ಅಂದಳು. ನಾನು ಏನೂ ಹೇಳಿರಲಿಲ್ಲ.

ಶನಿವಾರ ಸಂಜೆ ವಿದ್ಯಾನಗರ. ಕೆಂಪು ಬಲ್ಬು, ಬಾಣಲೆ, ಗದ್ದಲ. ಹೆಸರು ಹಿಡಿದು ಕರೆದೆ. ಅವನು ಜಾಲರಿ ಹಿಡಿದವನು ಹಾಗೇ ನಿಂತ. ಎಣ್ಣೆಯಲ್ಲಿದ್ದ ಗೋಬಿ ಕಪ್ಪಾಗತೊಡಗಿತು. ಗಂಟು ಕೊಟ್ಟೆ. ಬಿಚ್ಚಲಿಲ್ಲ, ಮೂಗಿಗೆ ಹಿಡಿದ. ಬಹಳ ಹೊತ್ತು.

ಆಮೇಲೆ ಟೋಪಿ ಹಾಕಿಕೊಂಡೇ ನಮಗೆಲ್ಲ ಬಡಿಸಿದ. ಭಾನುವಾರ ಗಿರಾಕಿ ಜಾಸ್ತಿ, ಸಭೆಗೆ ಹೋಗಲು ಆಗುವುದಿಲ್ಲ ಅಂದ. ಅವನ ಕನ್ನಡ ನನ್ನದಕ್ಕಿಂತ ಹುಬ್ಬಳ್ಳಿಯದು.

"ನೀರು ಬಂತೇನ್ರಿ ಅಕ್ಕಾ?"

ಬಂತು ಅಂದೆ. ಪೈಪ್ ಒಡೆದದ್ದನ್ನೂ ಹೇಳಿದೆ. ಒಂದು ಮೊಳ ಆಳ ಇದೆ ಅಂತ ಬಾಜೆ ಹೇಳಿದ್ದರು, ಅರ್ಧ ಮೊಳಕ್ಕೇ ಸಿಕ್ಕಿಬಿಡ್ತು, ನಮ್ಮ ಹುಡುಗನದು ತಪ್ಪೇ ಇರಲಿಲ್ಲ ಅಂತ ವಕಾಲತ್ತೂ ಮಾಡಿದೆ.

ಅವನು ಬಾಣಲೆ ಕೆಳಗಿಟ್ಟು ಗಾಡಿ ಹಿಡಿದುಕೊಂಡು ನಗತೊಡಗಿದ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕ.

"ಆ ಪೈಪ್ ಹೂಳಿದಾವ ನಾನ ರೀ. ಒಂದ ಮೊಳ ಅಗಿ ಅಂದಿದ್ರು. ಭಾಳ ಕಲ್ಲಿತ್ತು, ಮರುದಿನ ಇಲ್ಲಿಗೆ ಬರಾಕ ಬಸ್ ಇತ್ತು. ಮ್ಯಾಲ ಮಣ್ಣು ಎಳದು ಬಂದುಬಿಟ್ಟೆ." ಟೋಪಿ ಸರಿಮಾಡಿಕೊಂಡು ಮತ್ತೆ ಒಲೆ ದೊಡ್ಡದು ಮಾಡಿದ. "ನಮ್ಮ ಅವ್ವಗ ಮಾತ್ರ ಹೇಳಬ್ಯಾಡ್ರಿ ಅಕ್ಕಾ."